ಸೂಳೆಕೆರೆಯ ಏರಿ ಕಾಯುವ ಹಣ ಯಾರದು?



ಮೊನ್ನೆ ಒಂದು ಊರಿನ ಅರಳೀಕಟ್ಟೆಯಲ್ಲಿ ಮಾತಾಡುತ್ತಿದ್ದಾಗ ಹಿರಿಯ ರೈತರೊಬ್ಬರು ನನ್ನನ್ನು ಕೇಳಿದರು: “ಸೂಳೆಕೆರೆಯ ನೀರು ಕುಡಿಯುವವರು ಚಿತ್ರದುರ್ಗದ ಪೇಟೆಯವರು. ಏರಿ ಭದ್ರಪಡಿಸಲು ಹಣ ಬೇಕಾದರೆ ಅವರೇ ಕೊಡಲಿ. ನಮಗೇನು?” ಪ್ರಶ್ನೆ ನ್ಯಾಯವಾದದ್ದೇ. ಆದರೆ ಏರಿ ಒಡೆದರೆ ಪೇಟೆಯವರ ನಲ್ಲಿ ಒಣಗುತ್ತದೆ. ನಮ್ಮ ಗದ್ದೆ, ತೋಟ, ಮನೆಗಳೇ ಕೊಚ್ಚಿಹೋಗುತ್ತವೆ. ಆದ್ದರಿಂದ ಈ ವಿಷಯವನ್ನು ನಾವೂ ತಿಳಿದಿರಬೇಕು.

ಶಾಂತಿಸಾಗರವೆಂದೂ ಕರೆಯುವ ಈ ಕೆರೆ 11–12ನೇ ಶತಮಾನದ್ದು. ಎರಡು ಗುಡ್ಡಗಳ ಸಂದಿಯಲ್ಲಿ ಹರಿದ್ರಾ ಹಳ್ಳಕ್ಕೆ ಅಡ್ಡಲಾಗಿ ಹಾಕಿದ ಏರಿ ಉದ್ದದಲ್ಲಿ ಸಾವಿರ ಅಡಿಯ ಆಸುಪಾಸು ಮಾತ್ರ. ಅದರ ಹಿಂದೆ ಸುಮಾರು 6,500 ಎಕರೆ ನೀರು ನಿಲ್ಲುತ್ತದೆ. ಸುಮಾರು 81,000 ಎಕರೆ ನೆಲದ ಮೇಲೆ ಬಿದ್ದ ಮಳೆ ಇಲ್ಲಿಗೇ ಬಂದು ಸೇರುತ್ತದೆ. ಸಿದ್ಧನಾಲೆ, ಬಸವನಾಲೆಗಳು ನಮ್ಮ ಭೂಮಿಗೆ ನೀರುಣಿಸುತ್ತವೆ. ರೈಸ್ ಸಾಹೇಬರ ಮೈಸೂರು ಗೆಜೆಟಿಯರು ಈ ಏರಿಯ ಅಗಲ, ಎತ್ತರ, ಬಲಗಳನ್ನು ಹೊಗಳಿದೆ. ಅಲಕ್ಷ್ಯದಿಂದ ಬಹುಕಾಲ ಕೆರೆಯಲ್ಲಿ ನೀರು ಕಡಿಮೆಯಾಗಿತ್ತೆಂದೂ ಹೇಳಿದೆ. ಕಟ್ಟಿದವರು ಗಟ್ಟಿಗರಾದರೆ ಸಾಲದು, ಕಾಯುವವರೂ ಬೇಕು.

ಮಣ್ಣಿನ ಏರಿಗೆ ನೆರೆಯಿಂದ ಬರುವ ಕೇಡು ಎರಡು ಬಗೆ. ಮೊದಲನೆಯದು, ನೀರು ಏರಿಯ ತಲೆಯ ಮೇಲೆ ಹರಿಯುವುದು. ಹಾಗಾದಾಗ ಹಿಂಬದಿಯ ಮಣ್ಣು ಕೊರೆದು, ಕೊರಕಲು ಹಿಗ್ಗಿ, ಕೆಲವೇ ಗಂಟೆಗಳಲ್ಲಿ ಬಾಯಿ ಬಿಡಬಹುದು. ಇದನ್ನು ತಡೆಯುವುದೇ ಕೋಡಿಯ ಕೆಲಸ. ಕೆರೆಯಲ್ಲಿ ಹೂಳು ತುಂಬಿದಷ್ಟೂ ನೆರೆ ಬೇಗನೆ ಕೋಡಿಗೆ ಬರುತ್ತದೆ. ಕೋಡಿಯ ಹಳ್ಳವನ್ನು ಒತ್ತುವರಿ ಮಾಡಿ ಕಿರಿದಾಗಿಸಿದ್ದರೆ ನೀರು ಹೋಗುವುದೆಲ್ಲಿಗೆ? ಎರಡನೆಯದು, ಏರಿಯೊಳಗಿನ ಸೋರಿಕೆ. ಗಿಡಮರಗಳ ಬೇರು ಕೊಳೆತ ಜಾಗ, ಹೆಗ್ಗಣದ ಬಿಲ, ಹಳೆಯ ತೂಬಿನ ಪಕ್ಕ, ಇವುಗಳಲ್ಲಿ ನೀರು ದಾರಿ ಮಾಡಿಕೊಳ್ಳುತ್ತದೆ. ತಿಳಿನೀರು ಜಿನುಗಿದರೆ ಗಮನವಿಡಬೇಕು; ಕೆಂಪು ನೀರು ಬಂದರೆ ಒಳಗಿನ ಮಣ್ಣು ಹೊರಡುತ್ತಿದೆ ಎಂದರ್ಥ. ಆಗ ಒಂದು ಗಳಿಗೆಯೂ ತಡಮಾಡಬಾರದು.

ಇನ್ನು ಹಣದ ಮಾತು. 2021ರ ಅಣೆಕಟ್ಟು ಸುರಕ್ಷತಾ ಕಾಯಿದೆಯು 15 ಮೀಟರಿಗಿಂತ ಎತ್ತರದ ಕಟ್ಟೆಗಳಿಗೂ, 10ರಿಂದ 15 ಮೀಟರಿನ ಕೆಲವು ಕಟ್ಟೆಗಳಿಗೂ ಅನ್ವಯಿಸುತ್ತದೆ. ಅಂಥ ಕಟ್ಟೆಯ ಒಡೆತನವುಳ್ಳವರು ದುರಸ್ತಿಗೆ ಸಾಕಷ್ಟು ಹಣವನ್ನು ಪ್ರತ್ಯೇಕವಾಗಿ ತೆಗೆದಿರಿಸಬೇಕು. ಮಳೆಗಾಲದ ಮುಂಚೆ ಮತ್ತು ಅನಂತರ ತಪಾಸಣೆ ಮಾಡಿಸಬೇಕು. ಅಪಾಯಕಾಲದ ಯೋಜನೆಯನ್ನೂ ಸಿದ್ಧಪಡಿಸಬೇಕು. ಅಂದರೆ ಮೊದಲ ಹೊಣೆ ಒಡೆತನವುಳ್ಳ ಸರ್ಕಾರದ್ದು. ನೀರು ಕುಡಿಯುವ ಪೇಟೆಯೂ ತನ್ನ ನೀರಿನ ಕಂದಾಯದಲ್ಲಿ ಒಂದು ಪಾಲನ್ನು ಏರಿಗೆಂದು ಮೀಸಲಿಡುವುದು ನ್ಯಾಯವೆಂದು ನನ್ನ ಅಭಿಪ್ರಾಯ. ರೈತನ ಪಾಲು ಹಣಕ್ಕಿಂತ ಹೆಚ್ಚಾಗಿ ಎಚ್ಚರ.

ಖರ್ಚು ಮುಂದೂಡಿದರೆ ಉಳಿತಾಯವೆಂದು ಯಾರೂ ಭಾವಿಸಬಾರದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ತಾತ್ಕಾಲಿಕ ಗೇಟು ಕೂಡಿಸುವುದಕ್ಕೆ ಸುಮಾರು ಒಂದು ವಾರ ಹಿಡಿಯಿತು. ಅಷ್ಟರಲ್ಲಿ ಬೆಳೆಗೆಂದು ಕೂಡಿಟ್ಟ ನೀರು ನದಿಯ ಪಾಲಾಯಿತು. ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿ ಫಲವೇನು?

ತಾವು ಮಾಡಬೇಕಾದದ್ದು ಇಷ್ಟು:

1. ಕೋಡಿ ಹಳ್ಳದಲ್ಲಿ ಬದು ಹಾಕಬೇಡಿ, ಬೆಳೆ ಇಡಬೇಡಿ.

2. ಏರಿಯ ಮಣ್ಣನ್ನೂ ಕಲ್ಲನ್ನೂ ತೆಗೆಯಬೇಡಿ.

3. ಜಲಾನಯನದ ಮೇಲುಭಾಗದ ಹೊಲಗಳಲ್ಲಿ ಇಳಿಜಾರಿಗೆ ಅಡ್ಡಲಾಗಿ ಉತ್ತು, ಸಮಪಾತಳಿ ಬದು ಹಾಕಿರಿ. ಹೊಲದ ಮಣ್ಣು ಹೊಲದಲ್ಲೇ ಉಳಿಯುತ್ತದೆ, ಕೆರೆಗೆ ಹೂಳು ತಪ್ಪುತ್ತದೆ.

4. ಸೋರಿಕೆ, ಬಿರುಕು ಕಂಡ ದಿನವೇ ಗ್ರಾಮ ಪಂಚಾಯಿತಿಗೂ ನೀರಾವರಿ ಇಲಾಖೆಗೂ ಬರೆದು ತಿಳಿಸಿ, ಪ್ರತಿಯನ್ನು ಇಟ್ಟುಕೊಳ್ಳಿರಿ.

5. ಮುಂದಿನ ಗ್ರಾಮಸಭೆಯಲ್ಲಿ ಕೇಳಿರಿ: ಈ ವರ್ಷ ಏರಿಯ ತಪಾಸಣೆ ಆಯಿತೇ? ದುರಸ್ತಿಗೆ ಎಷ್ಟು ಹಣ ಇಟ್ಟಿದೆ? ರಾತ್ರಿ ನೆರೆ ಬಂದರೆ ನಮ್ಮೂರಿಗೆ ಸುದ್ದಿ ಮುಟ್ಟಿಸುವವರು ಯಾರು?

ಈ ಮೂರು ಪ್ರಶ್ನೆ ಕೇಳಲು ಕಾಸು ಖರ್ಚಿಲ್ಲ. ಕೇಳದೆ ಬಿಟ್ಟರೆ ತೆರಬೇಕಾದ ಬೆಲೆಯನ್ನು ಏರಿಯ ಕೆಳಗೆ ಗದ್ದೆಯುಳ್ಳ ಪ್ರತಿಯೊಬ್ಬರೂ ಬಲ್ಲರು.

— ಗ್ರಾಮಸೇವಕ, ಸಂತೇಬೆನ್ನೂರು