ಓಡುವ ಕುರ್ಚಿ ಹತ್ತುವುದು

ಪ್ರಶ್ನೆ: ಚಾಮುಂಡಿ ಬೆಟ್ಟಕ್ಕೆ ರೋಪ್‌ವೇ ಎಂಬ ಮಾತು ಆಗಾಗ ಏಳುತ್ತದೆ. ಹಿಮದೂರುಗಳ ಚೇರ್‌ಲಿಫ್ಟ್ ಜನ ಹತ್ತುವಾಗಲೂ ನಿಲ್ಲುವುದಿಲ್ಲವಂತೆ, ನಿಜವೇ?
– ಓದುಗರೊಬ್ಬರು, ಮೈಸೂರು

ಉತ್ತರ: ನಿಜ. ಎಲ್ಲ ಕುರ್ಚಿಗಳೂ ಒಂದೇ ಉಕ್ಕಿನ ಹಗ್ಗವನ್ನು ಕಚ್ಚಿಕೊಂಡಿರುತ್ತವೆ. ಒಬ್ಬರಿಗಾಗಿ ನಿಲ್ಲಿಸಿದರೆ ಉಳಿದವರೆಲ್ಲ ಗಾಳಿಯಲ್ಲಿ ತೂಗಾಡಬೇಕು. 1936ರಲ್ಲಿ ಅಮೆರಿಕದ ಸನ್ ವ್ಯಾಲಿಯಲ್ಲಿ ಮೊದಲ ಚೇರ್‌ಲಿಫ್ಟ್ ಮಾಡಿದ ಎಂಜಿನಿಯರ್ ಜೇಮ್ಸ್ ಕರನ್‌ಗೆ ಅದು ಹೊಳೆದದ್ದು ಹಡಗಿಗೆ ಬಾಳೆಗೊನೆ ಹೇರುವ ಯಂತ್ರದಿಂದ. ಗೊನೆಗೆ ನಿಯಮ ಬೇಡ, ನಮಗೆ ಬೇಕು. ಬೆನ್ನಿನ ಬ್ಯಾಗನ್ನು ಮುಂದಕ್ಕೆ ತಂದುಕೊಂಡು, ಗೆರೆಯ ಮೇಲೆ ನಿಂತು, ಹಿಂದಕ್ಕೆ ನೋಡುತ್ತಿದ್ದು, ಕುರ್ಚಿ ತಾಗಿದೊಡನೆ ಕೂತು ಅಡ್ಡಕಂಬಿ ಇಳಿಸಿಕೊಳ್ಳಬೇಕು. ಮೇಲೆ ತಲುಪುವಾಗ ಸ್ಕೀ ತುದಿ ಎತ್ತಿ, ಇಳಿದ ತಕ್ಷಣ ಪಕ್ಕಕ್ಕೆ ಸರಿಯಿರಿ. ಫೋಟೊ ಆಮೇಲೆ! ಹೊಸ ಬಗೆಯ ಲಿಫ್ಟ್‌ಗಳಲ್ಲಿ ಕುರ್ಚಿ ನಿಲ್ದಾಣದೊಳಗೆ ಹಗ್ಗ ಬಿಟ್ಟು ನಿಧಾನಿಸುತ್ತದೆ. ಹಳೆಯದರಲ್ಲಿ, ಮಕ್ಕಳೋ ವಯಸ್ಸಾದವರೋ ಜೊತೆಗಿದ್ದರೆ ಸಿಬ್ಬಂದಿಗೆ ಮೊದಲೇ ತಿಳಿಸಿ, ವೇಗ ತಗ್ಗಿಸುತ್ತಾರೆ.