ವೀಸಾ ಫೈಲಿನಲ್ಲಿ ನಿಮ್ಮ ಬದುಕು ಕಾಣಲಿ

ಬೇಸಿಗೆ ರಜೆಗೆ ಯುರೋಪ್ ಸುತ್ತಿಬರುವ ಆಸೆ ಈಗ ಸಾಫ್ಟ್‌ವೇರ್ ಎಂಜಿನಿಯರುಗಳಿಗಷ್ಟೇ ಸೇರಿದ್ದಲ್ಲ. ನಿವೃತ್ತ ಶಿಕ್ಷಕರು, ಅಡಿಕೆ-ಕಾಫಿ ಬೆಳೆಗಾರರು, ಬಟ್ಟೆ ಅಂಗಡಿ ಇಟ್ಟವರು, ಮಕ್ಕಳ ಓದು-ಮದುವೆ ಮುಗಿಸಿ ಹಗುರಾದ ದಂಪತಿ ಎಲ್ಲರೂ ಆಲ್ಪ್ಸ್ ಪರ್ವತದ ಹಿಮ ನೋಡಲು ಹೊರಡುತ್ತಿದ್ದಾರೆ. ಇವರನ್ನು ಟಿಕೆಟ್ ದರಕ್ಕಿಂತ, ಅಲ್ಲಿನ ಚಳಿಗಿಂತ, ಊಟದ ಚಿಂತೆಗಿಂತ ಹೆಚ್ಚು ಕಾಡುವುದು ವೀಸಾ. ‘ನಮಗೆಲ್ಲ ಎಲ್ಲಿ ಕೊಡುತ್ತಾರೆ’ ಎಂದು ಅರ್ಜಿ ಹಾಕುವ ಮೊದಲೇ ಕೈಚೆಲ್ಲುವವರೂ ಇದ್ದಾರೆ.

ಅಂಕಿ ಅಂಶ ನೋಡಿದರೆ ಅಷ್ಟು ಅಂಜಬೇಕಿಲ್ಲ. 2024ರಲ್ಲಿ ಭಾರತದಿಂದ ಷೆಂಗೆನ್ ವೀಸಾಕ್ಕೆ 11 ಲಕ್ಷಕ್ಕೂ ಹೆಚ್ಚು ಅರ್ಜಿಗಳು ಸಲ್ಲಿಕೆಯಾದವು. ತಿರಸ್ಕೃತವಾದದ್ದು ಸುಮಾರು 1.65 ಲಕ್ಷ, ಅಂದರೆ ನೂರಕ್ಕೆ ಹದಿನೈದರಷ್ಟು. ನಿಮ್ಮ ಅರ್ಜಿ ಆ ಹದಿನೈದರೊಳಗೆ ಬೀಳದಂತೆ ನೋಡಿಕೊಳ್ಳಲು ದೊಡ್ಡ ಸಂಬಳವಾಗಲಿ, ಪ್ರಭಾವವಾಗಲಿ ಬೇಕಿಲ್ಲ. ನೀವು ಯಾರು, ಯಾಕೆ ಹೋಗುತ್ತೀರಿ, ಯಾವ ಹಣದಲ್ಲಿ ಹೋಗುತ್ತೀರಿ, ಯಾಕೆ ಮರಳಿ ಬರುತ್ತೀರಿ ಎಂಬ ನಾಲ್ಕು ಪ್ರಶ್ನೆಗಳಿಗೆ ಫೈಲಿನ ಪ್ರತಿ ಕಾಗದವೂ ಒಂದೇ ಉತ್ತರ ಕೊಡಬೇಕು. ಆ ಉತ್ತರ ನಿಜವಾಗಿರಬೇಕು.

ಯಾವ ದೇಶಕ್ಕೆ ಅರ್ಜಿ?

ಷೆಂಗೆನ್ ಎಂಬುದು ಲಕ್ಸೆಂಬರ್ಗ್ ದೇಶದಲ್ಲಿ ಮೊಸೆಲ್ ನದಿಯ ದಡದಲ್ಲಿರುವ ಪುಟ್ಟ ಊರು. 1985ರ ಜೂನ್ 14ರಂದು ಅಲ್ಲಿ ನದಿಯಲ್ಲಿ ನಿಂತಿದ್ದ ಹಡಗೊಂದರಲ್ಲಿ ಬೆಲ್ಜಿಯಂ, ಫ್ರಾನ್ಸ್, ಪಶ್ಚಿಮ ಜರ್ಮನಿ, ಲಕ್ಸೆಂಬರ್ಗ್, ನೆದರ್ಲೆಂಡ್ಸ್ ತಮ್ಮ ನಡುವಿನ ಗಡಿ ತಪಾಸಣೆ ತೆಗೆದುಹಾಕುವ ಒಪ್ಪಂದಕ್ಕೆ ಸಹಿ ಹಾಕಿದವು. 2025ರ ಜನವರಿಯಲ್ಲಿ ಬಲ್ಗೇರಿಯ ಮತ್ತು ರೊಮೇನಿಯ ಪೂರ್ಣವಾಗಿ ಸೇರಿದ ಮೇಲೆ ಈ ಕೂಟದಲ್ಲಿ 29 ದೇಶಗಳಿವೆ. ಒಂದು ವೀಸಾ ಇದ್ದರೆ ಇಷ್ಟೂ ದೇಶ ಸುತ್ತಬಹುದು. ಬ್ರಿಟನ್ ಮತ್ತು ಐರ್ಲೆಂಡ್ ಇದರ ಹೊರಗಿವೆ. ಪ್ಯಾರಿಸ್ ಜೊತೆ ಲಂಡನ್ ಕೂಡ ನೋಡಬೇಕೆಂದರೆ ಬ್ರಿಟನ್ನಿನ ವೀಸಾ ಬೇರೆಯೇ ಪಡೆಯಬೇಕು. ಸ್ವಿಟ್ಜರ್ಲೆಂಡಿನಿಂದ ಲಂಡನ್ನಿಗೆ ಹೋಗಿ ಮತ್ತೆ ಪ್ಯಾರಿಸ್ಸಿಗೆ ಬರುವ ಯೋಜನೆ ಇದ್ದರೆ ಷೆಂಗೆನ್ ವೀಸಾದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಪ್ರವೇಶಕ್ಕೆ ಅವಕಾಶ ಇರಲೇಬೇಕು.

ಅರ್ಜಿ ಎಲ್ಲಿಗೆ ಹಾಕಬೇಕು ಎಂಬುದಕ್ಕೆ ನಿಯಮ ಸ್ಪಷ್ಟವಾಗಿದೆ: ಹೆಚ್ಚು ದಿನ ತಂಗುವ ದೇಶಕ್ಕೆ. ಎಲ್ಲ ಕಡೆ ಸಮ ದಿನವಾದರೆ ಮೊದಲು ಕಾಲಿಡುವ ದೇಶಕ್ಕೆ. ವಿಮಾನ ಪ್ಯಾರಿಸ್ಸಿನಲ್ಲಿ ಇಳಿದು, ಅಲ್ಲಿ ಎರಡು ರಾತ್ರಿ, ಸ್ವಿಟ್ಜರ್ಲೆಂಡಿನಲ್ಲಿ ನಾಲ್ಕು, ಇಟಲಿಯಲ್ಲಿ ಮೂರು ರಾತ್ರಿ ಇರುವಿರಾದರೆ ಅರ್ಜಿ ಸ್ವಿಟ್ಜರ್ಲೆಂಡಿಗೆ ಹೋಗಬೇಕು. ‘ಆ ದೇಶದವರು ಬೇಗ ಕೊಡುತ್ತಾರಂತೆ’ ಎಂಬ ಮಾತು ನಂಬಿ, ಹೋಗದ ಊರಿನ ಹೋಟೆಲ್ ಬುಕಿಂಗ್ ಜೋಡಿಸಿ ಬೇರೆ ದೇಶಕ್ಕೆ ಅರ್ಜಿ ಹಾಕಿದರೆ ಫೈಲು ಸುಳ್ಳಿನಿಂದಲೇ ಶುರುವಾದಂತೆ.

ಪ್ರಯಾಣಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು. ಕಡೆಯ ಗಡುವು ಹೊರಡುವ ದಿನಕ್ಕೆ 15 ದಿನ ಮುಂಚೆ. ಸಾಮಾನ್ಯವಾಗಿ 15 ದಿನದಲ್ಲಿ ತೀರ್ಮಾನವಾಗುತ್ತದೆ, ಹೆಚ್ಚಿನ ಪರಿಶೀಲನೆ ಬೇಕಾದರೆ 45 ದಿನದವರೆಗೂ ಎಳೆಯಬಹುದು. ಏಪ್ರಿಲ್-ಮೇ ಬಂತೆಂದರೆ ಅರ್ಜಿ ಕೇಂದ್ರದಲ್ಲಿ ಸಮಯ ಸಿಗುವುದೇ ಕಷ್ಟ. ಮೇ ತಿಂಗಳ ಪ್ರವಾಸಕ್ಕೆ ಜನವರಿ-ಫೆಬ್ರುವರಿಯಲ್ಲೇ ಕೆಲಸ ಮುಗಿಸಿದರೆ ನೆಮ್ಮದಿ.

ಹೆಸರು ಒಂದೇ ಇರಲಿ

ಪಾಸ್‌ಪೋರ್ಟ್ ಕಳೆದ ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು, ಷೆಂಗೆನ್ ಪ್ರದೇಶ ಬಿಟ್ಟ ಮೇಲೂ ಕನಿಷ್ಠ ಮೂರು ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಪುಟ ಖಾಲಿ ಇರಬೇಕು. ಇವನ್ನು ಯಾರಾದರೂ ನೋಡಿಕೊಳ್ಳುತ್ತಾರೆ. ನಮ್ಮವರಿಗೆ ತೊಡಕಾಗುವುದು ಹೆಸರು.

ಊರ ಹೆಸರು, ತಂದೆಯ ಹೆಸರು, ಆಮೇಲೆ ಸ್ವಂತ ಹೆಸರು ಎಂಬ ನಮ್ಮ ಕ್ರಮ ವಿದೇಶಿ ಅರ್ಜಿಯ ಎರಡು ಕಲಮುಗಳಲ್ಲಿ ಹಿಡಿಸುವುದಿಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಎಸ್. ಕೆ. ಮಂಜುನಾಥ’ ಎಂದಿದ್ದವರು ಬ್ಯಾಂಕಿನಲ್ಲಿ ‘ಮಂಜುನಾಥ ಎಸ್ ಕೆ’ ಆಗಿರುತ್ತಾರೆ. ಪ್ಯಾನ್ ಕಾರ್ಡಿನಲ್ಲಿ ಇನಿಶಿಯಲ್ ಬಿಡಿಸಿ ಊರು, ತಂದೆಯ ಹೆಸರು ಪೂರ್ತಿ ಬಂದಿರುತ್ತದೆ, ಪಾಸ್‌ಪೋರ್ಟಿನಲ್ಲಿ ಉಪನಾಮದ ಜಾಗ ಖಾಲಿ ಬಿಟ್ಟಿರುತ್ತದೆ. ಊರಿನಲ್ಲಿ ಇವರೆಲ್ಲ ಒಬ್ಬರೇ ಎಂದು ಎಲ್ಲರಿಗೂ ಗೊತ್ತು. ಫೈಲು ಮಾತ್ರ ನೋಡುವ ಅಧಿಕಾರಿಗೆ ಗೊತ್ತಿಲ್ಲ. ಅರ್ಜಿ, ವಿಮಾನ ಟಿಕೆಟ್, ವಿಮೆ, ಹೋಟೆಲ್ ಎಲ್ಲವೂ ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಇರಲಿ. ಹಳೆಯ ದಾಖಲೆಗಳಲ್ಲಿನ ವ್ಯತ್ಯಾಸಕ್ಕೆ ‘ಈ ಎಲ್ಲ ಹೆಸರೂ ಒಬ್ಬರದೇ’ ಎಂಬ ಅಫಿಡವಿಟ್ ಮಾಡಿಸಿ ಜೊತೆಗಿಡಿ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ 1 ಎಂದು ಜನ್ಮದಿನಾಂಕ ಬರೆದು, ಬೇರೆ ದಾಖಲೆಯಲ್ಲಿ ನಿಜವಾದ ತಾರೀಖು ಇರುವ ಹಿರಿಯರು ಅದನ್ನೂ ಮೊದಲೇ ಸರಿಪಡಿಸಿಕೊಳ್ಳುವುದು ಒಳ್ಳೆಯದು.

ಮೂವತ್ತು ನಲವತ್ತು ವರ್ಷದ ಹಿಂದೆ ಮದುವೆಯಾದ ಎಷ್ಟೋ ದಂಪತಿಗಳ ಬಳಿ ಮದುವೆ ನೋಂದಣಿ ಪತ್ರವೇ ಇಲ್ಲ. ಗಂಡನ ಪಿಂಚಣಿಯ ಹಣದಲ್ಲಿ ಹೋಗುವ ಹೆಂಡತಿಗೆ, ಅಥವಾ ಹೆಂಡತಿಯ ಸಂಬಳದಲ್ಲಿ ಹೋಗುವ ಗಂಡನಿಗೆ, ಈ ಪತ್ರ ಬಹಳ ಮುಖ್ಯ. ಉಪ ನೋಂದಣಾಧಿಕಾರಿ ಕಚೇರಿಯಲ್ಲಿ ಈಗಲೂ ನೋಂದಾಯಿಸಬಹುದು.

ಖಾತೆಯಲ್ಲಿನ ಹಣ, ಅದು ಬಂದ ದಾರಿ

‘ಖಾತೆಯಲ್ಲಿ ಎಷ್ಟಿರಬೇಕು?’ ಎಲ್ಲರೂ ಮೊದಲು ಕೇಳುವ ಪ್ರಶ್ನೆ ಇದು. ಪ್ರತಿ ದೇಶವೂ ದಿನದ ಖರ್ಚಿಗೆ ಒಂದು ಅಳತೆ ಇಟ್ಟುಕೊಂಡಿದೆ. ಸ್ವಿಟ್ಜರ್ಲೆಂಡಿಗೆ ದಿನಕ್ಕೆ 100 ಫ್ರಾಂಕ್, ಹೋಟೆಲ್ ಬುಕಿಂಗ್ ಇದ್ದರೆ ಫ್ರಾನ್ಸಿಗೆ ದಿನಕ್ಕೆ 65 ಯುರೊ. ಹತ್ತು ದಿನ ಸ್ವಿಟ್ಜರ್ಲೆಂಡಿನಲ್ಲಿರುವ ದಂಪತಿ 2000 ಫ್ರಾಂಕ್, ಅಂದರೆ ಎರಡು ಲಕ್ಷ ರೂಪಾಯಿಗೂ ಹೆಚ್ಚು ಹಣ ಖರ್ಚು ಮಾಡುವ ಶಕ್ತಿ ತೋರಿಸಬೇಕು.

ಇಲ್ಲಿಯೇ ಹಲವರು ಎಡವುತ್ತಾರೆ. ಆರು ತಿಂಗಳಿಂದ ಹದಿನೈದು ಇಪ್ಪತ್ತು ಸಾವಿರ ಆಡುತ್ತಿದ್ದ ಖಾತೆಗೆ, ಅರ್ಜಿ ಹಾಕುವ ವಾರ ಭಾವನಿಂದಲೋ ಸ್ನೇಹಿತರಿಂದಲೋ ಕೈಸಾಲ ತಂದ ಐದು ಲಕ್ಷ ಜಮೆಯಾಗುತ್ತದೆ. ಸ್ಟೇಟ್‌ಮೆಂಟಿನ ಕೊನೆಯ ಸಾಲು ಚೆನ್ನಾಗಿ ಕಾಣುತ್ತದೆ. ಆದರೆ ಅಧಿಕಾರಿ ಓದುವುದು ಎಲ್ಲ ಸಾಲುಗಳನ್ನೂ. ತಿಂಗಳ ಸಂಬಳ ಅಥವಾ ಪಿಂಚಣಿ, ಕರೆಂಟ್ ಬಿಲ್ಲು, ಎಲ್‌ಐಸಿ ಕಂತು, ಮನೆಸಾಲದ ಇಎಂಐ ಇವೆಲ್ಲ ಸೇರಿ ನೆಲೆಯೂರಿದ ಬದುಕಿನ ಚಿತ್ರ ಕೊಡುತ್ತವೆ. ಆ ಚಿತ್ರದಲ್ಲಿ ಮೂರು ಲಕ್ಷ ಇದ್ದರೂ ನಂಬಿಕೆ ಹುಟ್ಟುತ್ತದೆ. ಎಲ್ಲಿಂದಲೋ ಹಾರಿಬಂದ ಐದು ಲಕ್ಷ ಅನುಮಾನವನ್ನಷ್ಟೇ ಹುಟ್ಟಿಸುತ್ತದೆ. ಸೈಟು ಮಾರಿದ್ದೋ, ಎಫ್‌ಡಿ ಮುರಿದದ್ದೋ, ಪಿಎಫ್ ಬಂದದ್ದೋ ಆಗಿದ್ದರೆ ಅದರ ದಾಖಲೆ ಪಕ್ಕದಲ್ಲೇ ಇರಲಿ. ಸ್ಟೇಟ್‌ಮೆಂಟಿಗೆ ಬ್ಯಾಂಕಿನ ಸೀಲು, ಸಹಿ ಹಾಕಿಸುವುದನ್ನು ಮರೆಯಬೇಡಿ.

ಸಂಬಳದ ಚೀಟಿ ಇಲ್ಲದವರು

ನೌಕರರಿಗೆ ದಾರಿ ಸುಲಭ: ಸಂಬಳದ ಚೀಟಿ, ಆದಾಯ ತೆರಿಗೆ ರಿಟರ್ನ್, ಕಚೇರಿಯಿಂದ ರಜೆ ಮಂಜೂರಾದ ಪತ್ರ. ಅಂಗಡಿಯವರಿಗೆ ಜಿಎಸ್‌ಟಿ ನೋಂದಣಿ, ಟ್ರೇಡ್ ಲೈಸೆನ್ಸ್, ರಿಟರ್ನ್. ನಿವೃತ್ತರಿಗೆ ಪಿಂಚಣಿ ಆದೇಶ. ನಾನು ಹೆಚ್ಚು ಹೊತ್ತು ಮಾತಾಡಬೇಕೆಂದಿರುವುದು ರೈತರ ಬಗ್ಗೆ. ‘ನಮ್ಮ ಹತ್ತಿರ ಅವರು ಕೇಳುವ ಯಾವ ಕಾಗದವೂ ಇಲ್ಲ’ ಎಂದು ಕನಸು ಬಿಡುವವರು, ಏಜೆಂಟರ ಕೈಗೆ ಸಿಕ್ಕಿ ‘ಖಾಸಗಿ ಕಂಪನಿಯ ಮ್ಯಾನೇಜರ್’ ಎಂದು ಸುಳ್ಳು ಬರೆಸಿಕೊಳ್ಳುವವರು ಹೆಚ್ಚಾಗಿ ಇವರೇ.

ಸಾಗರದ ಹತ್ತಿರ ನಾಲ್ಕು ಎಕರೆ ಅಡಿಕೆ ತೋಟ ಇರುವ ದಂಪತಿಯನ್ನು ಊಹಿಸಿಕೊಳ್ಳಿ. ಕೃಷಿ ಆದಾಯಕ್ಕೆ ನಮ್ಮಲ್ಲಿ ಆದಾಯ ತೆರಿಗೆ ಇಲ್ಲ, ಹಾಗಾಗಿ ರಿಟರ್ನ್ ಸಲ್ಲಿಸಿಲ್ಲ. ತಿಂಗಳ ಸಂಬಳ ಎಂಬುದಿಲ್ಲ. ಖಾತೆ ತಿಂಗಳುಗಟ್ಟಲೆ ಸುಮ್ಮನಿದ್ದು, ಅಡಿಕೆ ಮಾರಿದಾಗ ಒಮ್ಮೆಲೇ ಲಕ್ಷಗಟ್ಟಲೆ ಹಣ ಬರುತ್ತದೆ. ವಿದೇಶಿ ಅಧಿಕಾರಿಗೆ ಇದು ಮೇಲೆ ಹೇಳಿದ ಕೈಸಾಲದ ಹಾಗೆಯೇ ಕಂಡರೆ ತಪ್ಪೇನಿಲ್ಲ. ತೋಟದ ಲೆಕ್ಕ ಅವರಿಗೆ ತಿಳಿಸಿಕೊಡುವ ಹೊಣೆ ನಮ್ಮದು.

ಜಮೀನಿನ ಪಹಣಿ ‘ಭೂಮಿ’ ತಂತ್ರಾಂಶದಿಂದ ಸಿಗುತ್ತದೆ. ಅದು ಕನ್ನಡದಲ್ಲಿರುವುದರಿಂದ ಇಂಗ್ಲಿಷಿಗೆ ಅನುವಾದಿಸಿ ನೋಟರಿ ಮಾಡಿಸಬೇಕು. ಅಡಿಕೆ ಸೊಸೈಟಿಯ ಅಥವಾ ಮಂಡಿಯ ಮಾರಾಟದ ಬಿಲ್ಲುಗಳನ್ನು ಎರಡು ಮೂರು ವರ್ಷದ್ದು ಸೇರಿಸಬೇಕು. ಬಿಲ್ಲಿನಲ್ಲಿರುವ ಮೊತ್ತವೂ ತಾರೀಖೂ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಎಲ್ಲಿವೆ ಎಂದು ಪೆನ್ಸಿಲಿನಲ್ಲಿ ಗುರುತು ಹಾಕಬೇಕು. ಇವೆಲ್ಲದರ ಮೇಲೆ ಒಂದು ಪುಟದ ಪತ್ರ. ಅದರಲ್ಲಿ ಇಷ್ಟು ಇದ್ದರೆ ಸಾಕು:

‘ನಾವು ಅಡಿಕೆ ಬೆಳೆಗಾರರು. ಬೆಳೆಯನ್ನು ವರ್ಷಕ್ಕೊಮ್ಮೆ ಮಾರುತ್ತೇವೆ. ಫೆಬ್ರುವರಿಯಲ್ಲಿ ಖಾತೆಗೆ ಬಂದಿರುವ ಹಣ ಆ ಮಾರಾಟದ್ದು, ಬಿಲ್ಲು ಲಗತ್ತಿಸಿದೆ. ಮೇ 8ರಿಂದ 19ರವರೆಗೆ ಪ್ರವಾಸ. ಜೂನ್ ಮೊದಲ ವಾರ ಮುಂಗಾರು ಹಿಡಿಯುವ ಮುನ್ನ ಕೊಳೆ ರೋಗ ತಡೆಯಲು ತೋಟಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಲೇಬೇಕು. ಆ ಹೊತ್ತಿಗೆ ನಾವು ಊರಿನಲ್ಲಿರುತ್ತೇವೆ.’

ಮರಳಿ ಬರುವುದಕ್ಕೆ ಇದಕ್ಕಿಂತ ಗಟ್ಟಿ ಕಾರಣ ಬೇಕೆ? ಅಧಿಕಾರಿ ಹುಡುಕುವುದು ಅರ್ಜಿದಾರರನ್ನು ಊರಿಗೆ ಕಟ್ಟಿಹಾಕುವ ಬೇರನ್ನು. ತೋಟ, ಹಟ್ಟಿಯ ಹಸು, ಶಾಲೆಗೆ ಹೋಗುವ ಮೊಮ್ಮಕ್ಕಳು, ಸೊಸೈಟಿಯ ನಿರ್ದೇಶಕ ಸ್ಥಾನ ಎಲ್ಲವೂ ಅಂಥ ಬೇರುಗಳೇ. ನಮ್ಮ ರೈತರ ಬದುಕಿನಲ್ಲಿ ಅವಕ್ಕೆ ಕೊರತೆಯಿಲ್ಲ. ಅವನ್ನು ಕಾಗದದಲ್ಲಿ ತೋರಿಸಬೇಕು, ಅಷ್ಟೆ. ಸುಳ್ಳು ಮ್ಯಾನೇಜರ್ ಹುದ್ದೆ ಆ ಬೇರನ್ನೇ ಕಿತ್ತುಹಾಕುತ್ತದೆ.

ಅರ್ಜಿ ಕೇಂದ್ರದಲ್ಲಿ

ಅರ್ಜಿ ಸ್ವೀಕರಿಸುವ ಕೆಲಸವನ್ನು ದೇಶಗಳು ವಿಎಫ್‌ಎಸ್, ಬಿಎಲ್‌ಎಸ್‌ನಂಥ ಕಂಪನಿಗಳಿಗೆ ಒಪ್ಪಿಸಿವೆ. ಕೌಂಟರಿನಲ್ಲಿ ಕೂತವರು ಕಾಗದ ಜೋಡಿಸಿಕೊಂಡು, ಹತ್ತೂ ಬೆರಳಿನ ಗುರುತು ಮತ್ತು ಫೋಟೊ ತೆಗೆದುಕೊಂಡು ಕಳುಹಿಸುತ್ತಾರೆ. ವೀಸಾ ಕೊಡುವ ಬಿಡುವ ಅಧಿಕಾರ ಕಾನ್ಸುಲೇಟಿನದ್ದು ಮಾತ್ರ. ಬೆರಳ ಗುರುತು 59 ತಿಂಗಳವರೆಗೆ ದಾಖಲೆಯಲ್ಲಿರುತ್ತದೆ. 12 ವರ್ಷದೊಳಗಿನ ಮಕ್ಕಳಿಗೆ ಅದು ಬೇಕಿಲ್ಲ.

ವೀಸಾ ಶುಲ್ಕ 2024ರ ಜೂನ್‌ನಿಂದ ದೊಡ್ಡವರಿಗೆ 90 ಯುರೊ, 6ರಿಂದ 12 ವರ್ಷದ ಮಕ್ಕಳಿಗೆ 45 ಯುರೊ, ಅದಕ್ಕಿಂತ ಚಿಕ್ಕವರಿಗೆ ಇಲ್ಲ. ಕೇಂದ್ರದ ಸೇವಾ ಶುಲ್ಕ ಬೇರೆ. ವೀಸಾ ಸಿಗದಿದ್ದರೂ ಈ ಹಣ ವಾಪಸ್ ಬರುವುದಿಲ್ಲ. ಎಸ್ಸೆಮ್ಮೆಸ್, ಪ್ರೀಮಿಯಂ ಲೌಂಜ್‌ನಂಥ ಹೆಚ್ಚುವರಿ ಸೇವೆಗಳು ನಿಮ್ಮ ಇಷ್ಟಕ್ಕೆ ಬಿಟ್ಟದ್ದು, ಅವುಗಳಿಂದ ತೀರ್ಮಾನ ಬದಲಾಗದು. ಪ್ರಯಾಣ ವಿಮೆ ಮಾತ್ರ ಕಡ್ಡಾಯ: ಕನಿಷ್ಠ 30,000 ಯುರೊ ಮೊತ್ತದ್ದು, ಎಲ್ಲ ಷೆಂಗೆನ್ ದೇಶಗಳಿಗೂ ಪ್ರವಾಸದ ಎಲ್ಲ ದಿನಗಳಿಗೂ ಅನ್ವಯವಾಗುವಂಥದ್ದು. ಬಿಪಿ, ಸಕ್ಕರೆ ಕಾಯಿಲೆ ಇದ್ದರೆ ವಿಮೆ ಕೊಳ್ಳುವಾಗ ಮುಚ್ಚಿಡಬೇಡಿ.

ವಿಮಾನ ಟಿಕೆಟನ್ನು ಪೂರ್ತಿ ಹಣ ಕಟ್ಟಿ ಮೊದಲೇ ಕೊಳ್ಳಬೇಕಿಲ್ಲ, ಕಾಯ್ದಿರಿಸಿದ ವಿವರ ಇದ್ದರೆ ಸಾಕು. ರದ್ದು ಮಾಡಬಹುದಾದ ಹೋಟೆಲ್ ಬುಕಿಂಗ್ ಆರಿಸಿಕೊಳ್ಳಿ. ಆದರೆ ಅದು ನಿಜವಾದ ಬುಕಿಂಗ್ ಆಗಿರಲಿ.

ತಿರಸ್ಕಾರವಾದರೆ

ತಿರಸ್ಕಾರ ಪತ್ರದಲ್ಲಿ ಕಾರಣಗಳ ಪಟ್ಟಿ ಇರುತ್ತದೆ, ಅನ್ವಯವಾಗುವುದಕ್ಕೆ ಗುರುತು ಹಾಕಿರುತ್ತಾರೆ. ಪ್ರವಾಸದ ಉದ್ದೇಶ ನಂಬುವಂತಿಲ್ಲ, ಖರ್ಚಿಗೆ ಸಾಕಷ್ಟು ಹಣ ತೋರಿಸಿಲ್ಲ, ಮರಳುವ ಬಗ್ಗೆ ಅನುಮಾನವಿದೆ ಎಂಬಂಥವು ಅದರಲ್ಲಿರುತ್ತವೆ. ಮೇಲ್ಮನವಿಗೆ ಹಕ್ಕಿದೆ, ದಾರಿ ಆ ಪತ್ರದಲ್ಲೇ ಬರೆದಿರುತ್ತದೆ. ಕೊರತೆ ತುಂಬಿ ಹೊಸ ಅರ್ಜಿ ಹಾಕುವುದಕ್ಕೂ ತಡೆಯಿಲ್ಲ. ಮುಂದೆ ಬ್ರಿಟನ್, ಅಮೆರಿಕದ ಅರ್ಜಿಗಳಲ್ಲಿ ‘ಹಿಂದೆ ವೀಸಾ ನಿರಾಕರಿಸಲಾಗಿದೆಯೇ’ ಎಂದು ಕೇಳಿದಾಗ ಹೌದೆಂದೇ ಬರೆಯಬೇಕು. ನಿರಾಕರಣೆಯನ್ನು ವಿವರಿಸಿ ದಾಟಬಹುದು, ಮುಚ್ಚಿಟ್ಟು ಸಿಕ್ಕಿಬಿದ್ದರೆ ದಾಟುವುದು ಕಷ್ಟ.

‘ವೀಸಾ ಗ್ಯಾರಂಟಿ’ ಎನ್ನುವ ಏಜೆಂಟರಿಂದ ದೂರವಿರಿ. ಫಾರಂ ತುಂಬಲು, ದಾಖಲೆ ಜೋಡಿಸಲು ನೆರವಾಗುವ ಪ್ರಾಮಾಣಿಕರು ಬೇಕಾದಷ್ಟಿದ್ದಾರೆ, ಅವರ ದುಡಿಮೆಗೆ ಹಣ ಕೊಡುವುದು ನ್ಯಾಯವೇ. ಗ್ಯಾರಂಟಿ ಕೊಡುವ ಶಕ್ತಿ ಮಾತ್ರ ಯಾರಿಗೂ ಇಲ್ಲ. ಖೋಟಾ ಸ್ಟೇಟ್‌ಮೆಂಟ್, ಖೋಟಾ ಸಂಬಳದ ಚೀಟಿ ಸಿಕ್ಕಿಬಿದ್ದಾಗ ‘ಏಜೆಂಟ್ ಮಾಡಿದ್ದು’ ಎಂದರೆ ನಡೆಯದು. ಅರ್ಜಿಯ ಕೆಳಗಿರುವ ಸಹಿ ನಿಮ್ಮದು. ಸಹಿ ಹಾಕುವ ಮುನ್ನ ಪ್ರತಿ ಪುಟವನ್ನೂ ಓದಿಸಿ ಕೇಳಿ, ಒಪ್ಪಿಗೆಯಾದರೆ ಮಾತ್ರ ಹಾಕಿ.

ವೀಸಾ ಬಂದ ಮೇಲೆ

ಪಾಸ್‌ಪೋರ್ಟ್ ಕೈಗೆ ಬಂದ ಕೂಡಲೇ ಸ್ಟಿಕ್ಕರ್ ಓದಿ. ಹೆಸರು, ಪಾಸ್‌ಪೋರ್ಟ್ ಸಂಖ್ಯೆ ಸರಿಯಿದೆಯೇ ನೋಡಿ. ವೀಸಾ ಚಾಲ್ತಿಯಲ್ಲಿರುವ ಅವಧಿ ಬೇರೆ, ಅದರೊಳಗೆ ತಂಗಬಹುದಾದ ದಿನಗಳು ಬೇರೆ. ಪ್ರಯಾಣ ಹಿಂದೆಮುಂದಾದರೆ ಅನುಕೂಲವಾಗಲೆಂದು ಅವಧಿಗೆ 15 ದಿನ ಹೆಚ್ಚು ಸೇರಿಸಿರುತ್ತಾರೆ. ತಂಗಲು 12 ದಿನ ಎಂದಿದ್ದರೆ 12 ದಿನ ಮಾತ್ರ. 2025ರ ಅಕ್ಟೋಬರ್ 12ರಿಂದ ಹಂತಹಂತವಾಗಿ ಜಾರಿಗೆ ಬಂದಿರುವ ಹೊಸ ಗಡಿ ವ್ಯವಸ್ಥೆ, ಒಳಗೆ ಬಂದದ್ದನ್ನೂ ಹೊರಗೆ ಹೋದದ್ದನ್ನೂ ಕಂಪ್ಯೂಟರಿನಲ್ಲಿ ದಾಖಲಿಸುತ್ತದೆ. ಒಂದು ದಿನ ಹೆಚ್ಚಾದರೂ ಲೆಕ್ಕಕ್ಕೆ ಸಿಗುತ್ತದೆ.

ಹೀಗೆ ನಿಯಮಕ್ಕೆ ಕಟ್ಟುಬಿದ್ದವರಿಗೆ ಮುಂದಿನ ದಾರಿ ಸಲೀಸು. 2024ರ ಏಪ್ರಿಲ್‌ನಲ್ಲಿ ಐರೋಪ್ಯ ಆಯೋಗ ಭಾರತೀಯರಿಗಾಗಿ ಹೊಸ ನಿಯಮ ತಂದಿತು. ಮೂರು ವರ್ಷದೊಳಗೆ ಎರಡು ವೀಸಾ ಪಡೆದು ಸರಿಯಾಗಿ ಬಳಸಿದವರಿಗೆ ಎರಡು ವರ್ಷದ, ಎಷ್ಟು ಸಲ ಬೇಕಾದರೂ ಹೋಗಿಬರಬಹುದಾದ ವೀಸಾ ಸಿಗಬಹುದು. ಅದನ್ನೂ ಸರಿಯಾಗಿ ಬಳಸಿದರೆ, ಪಾಸ್‌ಪೋರ್ಟಿನ ಅವಧಿ ಸಾಕಷ್ಟು ಉಳಿದಿದ್ದರೆ, ಐದು ವರ್ಷದ್ದು. ಮೊದಲ ಅರ್ಜಿಗೆ ಪಟ್ಟ ಶ್ರಮ ಒಂದೇ ಪ್ರವಾಸಕ್ಕೆ ಮುಗಿಯುವುದಿಲ್ಲ. ಅಲ್ಲಿ ಇಟ್ಟ ನಿಜವಾದ ಪಹಣಿ, ನಿಜವಾದ ಬಿಲ್ಲು, ಹೇಳಿದ ದಿನ ಮರಳಿದ ದಾಖಲೆ ಎಲ್ಲವೂ ಮುಂದಿನ ಅರ್ಜಿಯಲ್ಲಿ ನಿಮ್ಮ ಪರವಾಗಿ ಮಾತಾಡುತ್ತವೆ. ಈ ಬಾರಿ ಹೋಗಿಬಂದವರು ತಮ್ಮ ಊರಿನ ಇನ್ನೊಬ್ಬರ ಜೊತೆ ಒಂದು ಸಂಜೆ ಕೂತು, ಫೈಲು ಹೇಗೆ ಕಟ್ಟಿದೆವು ಎಂದು ಕನ್ನಡದಲ್ಲಿ ತಿಳಿಸಿಕೊಟ್ಟರೆ ಏಜೆಂಟರ ಗ್ಯಾರಂಟಿಗೆ ಮರುಳಾಗುವವರು ತಾವಾಗಿಯೇ ಕಡಿಮೆಯಾಗುತ್ತಾರೆ.