ಮುಧೋಳ ಮರಿಗೆ ನಂಬಿಕೆಯ ಹದ

ಮುಧೋಳ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿ ಸುತ್ತಿನ ಹಳ್ಳಿಗಳಲ್ಲಿ ಉದ್ದ ಕಾಲಿನ, ಒಳಸರಿದ ಹೊಟ್ಟೆಯ, ಚೂಪು ಮೂತಿಯ ನಾಯಿಯನ್ನು ನೀವು ಕಂಡಿರಬಹುದು. ಅದೇ ಮುಧೋಳ ನಾಯಿ. ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆಯವರು ಪೋಷಿಸಿದ ಈ ತಳಿಯ ಚಿತ್ರವಿರುವ ಅಂಚೆಚೀಟಿ 2005ರಲ್ಲಿ ಹೊರಬಂದಿತು. 2016ರಲ್ಲಿ ಇದರ ಮರಿಗಳು ತರಬೇತಿಗಾಗಿ ಮೀರತ್‌ನ ಸೇನಾ ಕೇಂದ್ರಕ್ಕೂ ಹೋದವು.

ಈ ನಾಯಿಯ ಬಗ್ಗೆ ಎರಡು ಮಾತುಗಳಿವೆ. 'ಮನೆಯವರಿಗಾಗಿ ಜೀವ ಬಿಡುತ್ತದೆ' ಎಂಬುದು ಒಂದು. 'ಹೊಸಬರನ್ನು ಕಂಡರೆ ಬೆದರುತ್ತದೆ' ಎಂಬುದು ಇನ್ನೊಂದು. ಒಂದೇ ಸೂಲಿನ ಎರಡು ಮರಿಗಳಲ್ಲಿ ಒಂದು ಧೈರ್ಯಶಾಲಿ, ಇನ್ನೊಂದು ಪುಕ್ಕಲು ಆಗುವುದೂ ಉಂಟು. ಇದಕ್ಕೆ ಕಾರಣವೇನು?

ಬೇಲಿಯೊಳಗಿನ ಪ್ರಯೋಗ

1961ರಲ್ಲಿ ಫ್ರೀಡ್‌ಮನ್, ಕಿಂಗ್ ಮತ್ತು ಎಲಿಯಟ್ ಎಂಬ ವಿಜ್ಞಾನಿಗಳು ಅಮೆರಿಕದಲ್ಲಿ ನಡೆಸಿದ ಒಂದು ಪ್ರಯೋಗವನ್ನು ಪ್ರಕಟಿಸಿದರು. ಕಾಕರ್ ಸ್ಪ್ಯಾನಿಯಲ್ ಮತ್ತು ಬೀಗಲ್ ಮರಿಗಳನ್ನು ಎತ್ತರದ ಬೇಲಿಯೊಳಗೆ, ಮನುಷ್ಯರ ಒಡನಾಟವಿಲ್ಲದೆ, ತಾಯಿಯೊಂದಿಗೆ ಬೆಳೆಸಿದರು. ಬೇರೆ ಬೇರೆ ವಯಸ್ಸಿನಲ್ಲಿ ಕೆಲವು ಮರಿಗಳನ್ನು ಒಂದು ವಾರದ ಮಟ್ಟಿಗೆ ಹೊರತಂದು ಮನುಷ್ಯರೊಂದಿಗೆ ಆಡಲು ಬಿಟ್ಟರು. ಐದರಿಂದ ಒಂಬತ್ತು ವಾರದ ಮರಿಗಳು ಬೇಗ ಹೊಂದಿಕೊಂಡವು. ಹದಿನಾಲ್ಕು ವಾರದವರೆಗೆ ಮನುಷ್ಯರ ಒಡನಾಟ ಕಾಣದ ಮರಿಗಳಾದರೋ ಕಾಡುಪ್ರಾಣಿಗಳಂತೆ ದೂರವೇ ಉಳಿದವು. ಇವು ಸಾಕುನಾಯಿಗಳ ಮರಿಗಳೇ ಎಂಬುದನ್ನು ಗಮನಿಸಿ. ರಕ್ತದಲ್ಲಿ ಬಂದ ಗುಣವೊಂದೇ ಸಾಲದು, ಸಕಾಲದ ಅನುಭವವೂ ಬೇಕು.

ಮೂರನೆಯ ವಾರದ ವೇಳೆಗೆ ಮರಿ ನೋಡಲು, ಕೇಳಲು ತೊಡಗುತ್ತದೆ. ಆಗ ಕುತೂಹಲ ಹೆಚ್ಚು, ಭಯ ಕಡಿಮೆ. ವಾರಗಳು ಕಳೆದಂತೆ ಭಯ ಬೆಳೆಯುತ್ತದೆ. ಸುಮಾರು ಹನ್ನೆರಡು ವಾರದ ಹೊತ್ತಿಗೆ ಅದು ಕುತೂಹಲವನ್ನು ಮೀರಿಸುತ್ತದೆ. ಈ ನಡುವಣ ಕಾಲವನ್ನು 'ಸಂವೇದಿ ಅವಧಿ' ಎನ್ನುವರು. ಬಿತ್ತನೆಗೆ ಹದವಿದ್ದಂತೆ ನಂಬಿಕೆಗೂ ಒಂದು ಹದವಿದೆ. ಹದ ಮೀರಿದ ಮೇಲೆ ಬಿತ್ತಿದರೆ ಬೆಳೆ ಬರಲೇಬಾರದೆಂದಿಲ್ಲ, ಆದರೆ ಶ್ರಮ ಹೆಚ್ಚು, ಫಲ ಕಡಿಮೆ.

ಹದ ಮೀರಿದರೆ?

ಇಲ್ಲಿ ಕುದುರೆ ಪಳಗಿಸುವವರ ಅನುಭವ ನೆರವಾಗುತ್ತದೆ. ಅಮೆರಿಕದ 'ಮಸ್ಟ್ಯಾಂಗ್' ಕುದುರೆಗಳು ಸಾಕುಕುದುರೆಗಳ ಸಂತತಿಯೇ ಆದರೂ ಬಯಲಿನಲ್ಲಿ ತಾವಾಗಿ ಬೆಳೆದವು. ಕುದುರೆ ಬೇಟೆಗೆ ಗುರಿಯಾಗುವ ಪ್ರಾಣಿ. ಅಪಾಯ ಕಂಡೊಡನೆ ಓಡುವುದೇ ಅದರ ರಕ್ಷಣೆ. ಅಪರಿಚಿತನು ಒಂದು ಅಂತರಕ್ಕಿಂತ ಹತ್ತಿರ ಬಂದರೆ ಅದು ಓಡುತ್ತದೆ. ಇದು 'ಪಲಾಯನ ದೂರ'.

ಜಾಣ ತರಬೇತುದಾರನು ಆ ಗಡಿಯವರೆಗೆ ಹೋಗಿ ನಿಲ್ಲುತ್ತಾನೆ. ಕುದುರೆ ಓಡದೆ ನಿಂತು ನೋಡಿತೆನ್ನಿ. ಆ ಕ್ಷಣವೇ ಅವನು ಒಂದು ಹೆಜ್ಜೆ ಹಿಂದೆ ಸರಿಯುತ್ತಾನೆ. ಒತ್ತಡ ತಗ್ಗಿತು. 'ಶಾಂತವಾಗಿ ನಿಂತರೆ ತೊಂದರೆಯಿಲ್ಲ' ಎಂದು ಕುದುರೆ ಕಲಿಯುತ್ತದೆ. ಬದಲಿಗೆ ಅದು ಓಡಿದಾಗ ಅವನು ಹಿಂದೆ ಸರಿದರೆ ಓಡುವುದನ್ನೇ ಕಲಿಸಿದಂತಾಗುತ್ತದೆ! ಕ್ರಿಯೆಗೂ ಫಲಕ್ಕೂ ನಡುವಣ ಅಂತರ ಕೆಲವೇ ಸೆಕೆಂಡುಗಳಿರಬೇಕು. ತಡವಾದರೆ ಪ್ರಾಣಿ ಎರಡನ್ನೂ ಜೋಡಿಸಲಾರದು.

ಬೆದರಿದ ಮುಧೋಳ ನಾಯಿಗೂ ಇದೇ ನಿಯಮ. ಸಾಕುವವರು ಅದರ ಕಣ್ಣನ್ನೇ ದಿಟ್ಟಿಸದೆ ಪಕ್ಕಕ್ಕೆ ತಿರುಗಿ ಕೂರಬೇಕು. ರೊಟ್ಟಿಯ ತುಣುಕನ್ನು ಸ್ವಲ್ಪ ದೂರದಲ್ಲಿಡಬೇಕು. ಹತ್ತಿರ ಬರುವ ನಿರ್ಧಾರವನ್ನು ಅದಕ್ಕೇ ಬಿಡಬೇಕು. ಹೊಡೆದರೆ ಗುರುಗುಟ್ಟುವುದು ನಿಲ್ಲಬಹುದು, ಭಯ ನಿಲ್ಲುವುದಿಲ್ಲ. ಮುನ್ಸೂಚನೆ ಕೊಡದೆ ಕಚ್ಚುವ ನಾಯಿ ಹೀಗೂ ತಯಾರಾಗುತ್ತದೆ.

ಸಾಕುವವರಿಗೆ ಏನು ಲಾಭ?

ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವಿದೆ. ಇದು ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಸುತ್ತಲಿನ ಅನೇಕ ಕುಟುಂಬಗಳಿಗೆ ಮರಿ ಮಾರಾಟವೂ ಒಂದು ಆದಾಯ. ಕೊಳ್ಳುವವರು ಬರುವತನಕ ಮರಿಗಳನ್ನು ಕತ್ತಲ ಕೊಟ್ಟಿಗೆಯಲ್ಲಿ ಕೂಡಿಹಾಕಿದರೆ ಹದ ಅಲ್ಲಿಯೇ ಕಳೆದುಹೋಗುತ್ತದೆ. ಊರಿಗೆ ಹೋದ ಮರಿ ಮೂಲೆ ಹಿಡಿಯುತ್ತದೆ, ಸರಪಳಿ ಸೇರುತ್ತದೆ. ಕೊನೆಗೆ 'ತಳಿಯೇ ಸರಿಯಿಲ್ಲ' ಎಂಬ ಕೆಟ್ಟ ಹೆಸರು! ದಿನಕ್ಕೆ ಕೆಲವು ನಿಮಿಷ ಮನೆಯ ಹೆಂಗಸರು, ಮಕ್ಕಳು, ಮುದುಕರು ಮರಿಯನ್ನು ಮೃದುವಾಗಿ ಮುಟ್ಟಿದರೆ, ಪಾತ್ರೆಯ ಸದ್ದು, ಮೋಟಾರು ಸದ್ದು ದೂರದಿಂದ ಕೇಳಿಸಿದರೆ ಇದನ್ನು ತಪ್ಪಿಸಬಹುದು. ಇದಕ್ಕೆ ಖರ್ಚೇನೂ ಇಲ್ಲ. ಲಸಿಕೆಗಳು ಪೂರ್ಣವಾಗುವತನಕ ಮಾತ್ರ ಬೀದಿನಾಯಿಗಳ ಬಳಿ ಬಿಡಬಾರದು.

ಮಾಡಿ ನೋಡಿ

ನಿಮ್ಮ ಮನೆಯ ಕರು ಅಥವಾ ಆಡಿನ ಕಡೆಗೆ, ಹಿರಿಯರ ಸಮ್ಮುಖದಲ್ಲಿ, ನಿಧಾನವಾಗಿ ನಡೆಯಿರಿ. ಅದು ತಲೆಯೆತ್ತಿ ಹಿಂದೆ ಸರಿಯಲು ತೊಡಗಿದ ಕಡೆ ನಿಂತು ಅಂತರವನ್ನು ಹೆಜ್ಜೆಗಳಲ್ಲಿ ಅಳೆಯಿರಿ. ಅದು ಶಾಂತವಾದೊಡನೆ ಹಿಂದೆ ಸರಿಯಿರಿ. ಹತ್ತು ದಿನ ಹೀಗೆ ಮಾಡಿ ನಕ್ಷೆ ಬರೆಯಿರಿ. ಅಂತರ ಕಡಿಮೆಯಾಯಿತೇ? ಬೀದಿನಾಯಿ, ಮರಿಹಾಕಿದ ನಾಯಿಗಳ ಮೇಲೆ ಈ ಪ್ರಯೋಗ ಸಲ್ಲದು. ನಿಮ್ಮ ನಕ್ಷೆಯ ಗೆರೆ ಇಳಿದಿದ್ದರೆ, ನಂಬಿಕೆಯನ್ನೂ ಅಳೆಯಬಹುದೆಂದು ನೀವೇ ತೋರಿಸಿದಂತಾಯಿತು.